ಬೇಸಗೆಯ ಕೈತೋಟ: ಹಕ್ಕಿಗೂ ಹಿತ, ಮನೆಮಂದಿಗೂ ಹಿತ

ಫಾಲ್ಗುಣ ಕಳೆದು ಚೈತ್ರ ಕಾಲಿಟ್ಟೊಡನೆ ದಖನ್ನಿನ ನೆಲ ಕಾಯತೊಡಗುತ್ತದೆ. ಪುಣೆ ನಗರದಲ್ಲಿ ಏಪ್ರಿಲ್ ತಿಂಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳು ಅಪರೂಪವಲ್ಲ. ಜೂನ್‌ನಲ್ಲಿ ಮುಂಗಾರು ಬರುವವರೆಗೆ ಮನುಷ್ಯನು ಫ್ಯಾನು, ಮಜ್ಜಿಗೆ, ನೆರಳುಗಳ ಆಸರೆ ಪಡೆಯುತ್ತಾನೆ. ಅದೇ ಬೀದಿಯಲ್ಲಿ ಬದುಕುವ ಗುಬ್ಬಚ್ಚಿ, ಪಿಕಳಾರ, ಸೂರಕ್ಕಿ, ಅಳಿಲು, ಜೇನ್ನೊಣ, ಚಿಟ್ಟೆಗಳಿಗೆ ಮನೆಗಳ ಸುತ್ತಲಿನ ಗಿಡಮರಗಳೇ ಆಸರೆ. ಹಳೆಯ ಬಂಗಲೆಗಳ ತೋಟಗಳು ಒಂದೊಂದಾಗಿ ಬಹುಮಹಡಿ ಕಟ್ಟಡಗಳಿಗೆ ಎಡೆಗೊಡುತ್ತಿರುವ ಈ ದಿನಗಳಲ್ಲಿ, ಅಳಿದುಳಿದ ಕೈತೋಟಗಳ ಹಾಗೂ ಬಾಲ್ಕನಿಯ ಕುಂಡಗಳ ಹೊಣೆ ಹೆಚ್ಚಿದೆ.

ಆದರೆ ಈ ಕಾರ್ಯಕ್ಕೆ ಕೈಹಾಕುವ ಗೃಹಸ್ಥರಲ್ಲಿ ಅಳುಕೂ ಇರುವುದು ಸಹಜ. ನೀರಿಟ್ಟರೆ ಸೊಳ್ಳೆ, ಪೊದೆ ಬೆಳೆಸಿದರೆ ಹಾವು, ಕಾಳು ಎರಚಿದರೆ ಪಾರಿವಾಳಗಳ ಹಿಕ್ಕೆ. ಇವು ಮನೆಮಂದಿಯ ಆರೋಗ್ಯಕ್ಕೆ ಕುತ್ತಲ್ಲವೆ? ಪ್ರಶ್ನೆ ನ್ಯಾಯವಾದುದೇ. ಕ್ರಮವರಿತು ನಡೆಸಿದ ತೋಟದಲ್ಲಿ ಜೀವಿಗಳ ಹಿತವೂ ಮನೆಯವರ ಆರೋಗ್ಯವೂ ಒಂದೇ ದಿನಚರಿಯಿಂದ ಸಾಧಿಸುತ್ತವೆ. ಆ ಕ್ರಮವೇನೆಂಬುದನ್ನು ಪರಿಶೀಲಿಸೋಣ.

ನೀರಿನ ಬಟ್ಟಲು

ಪಕ್ಷಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲೇರಿದಾಗ ಅವು ಕೊಕ್ಕು ತೆರೆದು ಏದುಸಿರು ಬಿಡುತ್ತವೆ. ಬಾಯಿ ಮತ್ತು ಶ್ವಾಸಮಾರ್ಗದ ತೇವ ಆವಿಯಾಗಿ ದೇಹ ತಂಪಾಗುತ್ತದೆ. ಹೀಗೆ ವ್ಯಯವಾದ ನೀರನ್ನು ಮತ್ತೆ ತುಂಬಿಕೊಳ್ಳಲೇಬೇಕು. ಆದುದರಿಂದ ಬೇಸಗೆಯಲ್ಲಿ ಹಕ್ಕಿಗೆ ಕಾಳಿಗಿಂತ ನೀರು ಮುಖ್ಯ.

ಎರಡು ಅಂಗುಲಕ್ಕಿಂತ ಆಳವಿಲ್ಲದ, ಅಗಲ ಬಾಯಿಯ ಮಣ್ಣಿನ ಬಟ್ಟಲು ಉತ್ತಮ. ಅದರಲ್ಲಿ ನೀರಿನ ಮೇಲೆ ತಲೆಯೆತ್ತಿ ನಿಲ್ಲುವಂತಹ ಕೆಲವು ಕಲ್ಲುಗಳನ್ನಿಟ್ಟರೆ ಜೇನ್ನೊಣ, ಚಿಟ್ಟೆಗಳು ಮುಳುಗದೆ ನೀರು ಕುಡಿಯುತ್ತವೆ. ಬಟ್ಟಲು ನೆರಳಿನಲ್ಲಿರಬೇಕು. ಆದರೆ ಬೆಕ್ಕು ಹೊಂಚುಹಾಕುವಷ್ಟು ಪೊದೆಗೆ ಹತ್ತಿರವಿರಬಾರದು.

ಇನ್ನು ಸೊಳ್ಳೆಯ ವಿಚಾರ. ಡೆಂಗ್ಯೂ ಮತ್ತು ಚಿಕುನ್‌ಗುನ್ಯಾ ರೋಗಗಳನ್ನು ಹರಡುವ ಈಡಿಸ್ ಸೊಳ್ಳೆಯು ಶುಭ್ರವಾದ ನಿಂತ ನೀರಿನಲ್ಲಿಯೇ ವೃದ್ಧಿಯಾಗುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಸೆಕೆಯ ದಿನಗಳಲ್ಲಿ ಮೊಟ್ಟೆ ಬಲಿತು ಸೊಳ್ಳೆಯಾಗಿ ಹಾರಲು ಸುಮಾರು ಏಳರಿಂದ ಹತ್ತು ದಿನಗಳು ಬೇಕು. ನಿತ್ಯ ಬೆಳಗ್ಗೆ ನೀರನ್ನು ಚೆಲ್ಲಿ ಹೊಸದಾಗಿ ತುಂಬುವ ಮನೆಯಲ್ಲಿ ಈ ಅವಧಿ ಎಂದೂ ಪೂರ್ಣವಾಗದು. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಈ ಸೊಳ್ಳೆಯು ಮೊಟ್ಟೆಗಳನ್ನು ಪಾತ್ರೆಯ ಒಳಬದಿಗೆ, ನೀರಿನ ಅಂಚಿನಲ್ಲಿ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಬಟ್ಟಲನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯುವುದು ಇದರಿಂದಲೇ ಅವಶ್ಯ. ವಾಸ್ತವವಾಗಿ ಮನೆಗಳಲ್ಲಿ ಹೆಚ್ಚಿನ ಅಪಾಯವಿರುವುದು ಯಾರ ಕಣ್ಣಿಗೂ ಬೀಳದ ಕುಂಡದಡಿಯ ತಟ್ಟೆಗಳಲ್ಲಿ. ಅವನ್ನು ಮರಳಿನಿಂದ ತುಂಬಿಡುವುದು ಸುಲಭ ಉಪಾಯ.

ಮಣ್ಣಿಗೆ ಹೊದಿಕೆ

ವಸಂತದಲ್ಲಿ ಉದುರಿದ ಎಲೆಗಳನ್ನು ಗುಡಿಸಿ ಸುಡುವ ರೂಢಿ ಹಲವೆಡೆ ಉಂಟು. ಆ ಹೊಗೆ ದಮ್ಮಿನ ರೋಗಿಗಳಿಗೆ ವಿಷಪ್ರಾಯ. ಅದೇ ಎಲೆಗಳನ್ನು ಗಿಡದ ಬುಡದಲ್ಲಿ ಎರಡು-ಮೂರು ಅಂಗುಲ ದಪ್ಪಕ್ಕೆ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಎರೆಹುಳು ಬದುಕುತ್ತದೆ. ಮಡಿವಾಳ ಹಕ್ಕಿಯೂ ಗೊರವಂಕವೂ ಎಲೆಗಳನ್ನು ಕೆದಕಿ ಹುಳುಗಳನ್ನು ಹೆಕ್ಕುತ್ತವೆ. ಹೊದಿಕೆಯು ಮನೆಯ ಗೋಡೆಯಿಂದ ಎರಡು-ಮೂರು ಅಡಿ ದೂರವಿರಲಿ. ಎಲೆಯ ರಾಶಿಗೆ ಬರಿಗೈ ಹಾಕದೆ, ಮೊದಲು ಕೋಲಿನಿಂದ ಸರಿಸಿ ನೋಡುವುದು ಕ್ಷೇಮ.

ನಲ್ಲಿಯ ನೀರಿಗೆ ಕೊರತೆ ಬೀಳುವ ಕಾಲವಾದುದರಿಂದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಗಿಡಗಳಿಗೆ ಹಾಕಬಹುದು. ಹೊಳಪು ಲೇಪನವಿಲ್ಲದ ಮಣ್ಣಿನ ಮಡಕೆಯನ್ನು ಕಂಠದವರೆಗೆ ನೆಲದಲ್ಲಿ ಹೂತು ನೀರು ತುಂಬಿದರೆ, ನೀರು ಮೆಲ್ಲಮೆಲ್ಲನೆ ಜಿನುಗಿ ಬೇರುಗಳಿಗೆ ತಲಪುತ್ತದೆ. ಮಡಕೆಯ ಬಾಯಿಗೆ ಮುಚ್ಚಳ ತಪ್ಪಬಾರದು. ತೋಟದ ಕೆಲಸವನ್ನು ಬಿಸಿಲೇರುವ ಮುನ್ನವೇ ಮುಗಿಸುವುದು ವಯಸ್ಸಾದವರಿಗೆ ವಿಶೇಷವಾಗಿ ಹಿತಕರ.

ಯಾವ ಗಿಡ, ಯಾರಿಗೆ?

ಒಗ್ಗರಣೆಗೆಂದು ಬೆಳೆಸಿದ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುವೊಂದು ಕಂಡರೆ ಹೊಸಕಿ ಹಾಕಬಾರದು. ಅದು ನಿಂಬೆ ಚಿಟ್ಟೆಯ ಅಥವಾ ಅದರ ಹತ್ತಿರದ ಜಾತಿಯ ಚಿಟ್ಟೆಯ ಮರಿ. ಕೆಲವು ಎಲೆಗಳ ನಷ್ಟವನ್ನು ಚಿಟ್ಟೆಯ ಖಾತೆಗೆ ಬರೆದರಾಯಿತು. ದಾಸವಾಳ, ಕೇಪಳದ ಹೂಗಳಿಗೆ ಸೂರಕ್ಕಿ ಬರುತ್ತದೆ. ತುಳಸಿಯ ಕದಿರಿಗೆ ಜೇನ್ನೊಣಗಳು ಮುತ್ತುತ್ತವೆ. ನುಗ್ಗೆಯ ಹೂವಿಗೆ ಇವೆರಡೂ ಬರುತ್ತವೆ. ಬೇಲಿಯಂಚಿನ ಎಕ್ಕದ ಗಿಡ ಮತ್ತೊಂದು ಜಾತಿಯ ಚಿಟ್ಟೆಗೆ ತೊಟ್ಟಿಲು. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಹಾನಿಕರ. ಕಣಗಿಲೆಯ ಎಲೆ, ಹೂವು, ಬೀಜಗಳೆಲ್ಲವೂ ವಿಷಕಾರಿ. ಚಿಕ್ಕ ಮಕ್ಕಳಿರುವ ಮನೆಯವರು ಇವೆರಡನ್ನೂ ಬಿಡುವುದೇ ಲೇಸು.

ಜೀವಸ್ನೇಹಿ ತೋಟವೆಂದರೆ ಕಳೆಯನ್ನೆಲ್ಲ ಬೆಳೆಯಗೊಡುವುದಲ್ಲ. ಕಾಂಗ್ರೆಸ್ ಹುಲ್ಲೆಂದು ಹೆಸರಾದ ಪಾರ್ಥೇನಿಯಂ ಅಮೆರಿಕಾ ಖಂಡದ ಕಳೆ. ಭಾರತದಲ್ಲಿ ಅದರ ಹಾವಳಿ ಮೊದಲು ಗಮನಕ್ಕೆ ಬಂದದ್ದು 1955ರಲ್ಲಿ, ಇದೇ ಪುಣೆಯಲ್ಲಿ. ಅದನ್ನು ಹತೋಟಿಗೆ ತರಲು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋ ದೇಶದ ದುಂಬಿಯೊಂದನ್ನು ಬಿಡಲಾಯಿತು. ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುವ ಈ ಕಳೆಯನ್ನು ಹೂ ಬಿಡುವ ಮೊದಲೇ, ಕೈಚೀಲ ಧರಿಸಿ, ಬೇರುಸಹಿತ ಕೀಳಬೇಕು.

ಕತ್ತರಿಯೂ ಔಷಧಿಯೂ

ಮಾರ್ಚಿಯಿಂದ ಮೇ ತಿಂಗಳವರೆಗೆ ಪಿಕಳಾರ, ಸೂರಕ್ಕಿಗಳು ಗೂಡು ಕಟ್ಟುತ್ತವೆ. ಚಿಟ್ಟುಕುಟುರವು ಒಣಗಿದ ಕೊಂಬೆಯನ್ನು ಕೊರೆದು ಮರಿಮಾಡುತ್ತದೆ. ಈ ಅವಧಿಯಲ್ಲಿ ಗಿಡ ಸವರುವ ಮುನ್ನ ಗೂಡುಗಳಿವೆಯೇ ಎಂದು ನೋಡಬೇಕು. ಬೀಳುವ ಭಯವಿಲ್ಲದ ಒಣಕೊಂಬೆಯನ್ನು ಹಾಗೆಯೇ ಬಿಡಬೇಕು.

ಕೀಟನಾಶಕದ ಬಳಕೆಯಲ್ಲಿಯೂ ಎಚ್ಚರ ಬೇಕು. 2012ರಲ್ಲಿ ದೆಹಲಿಯ ರಾಜ್ಯಪಕ್ಷಿಯೆಂದು ಘೋಷಿತವಾದ ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯೆಂದೇ ಪ್ರಸಿದ್ಧ. ಆದರೆ ಮರಿಗಳಿಗೆ ಅದು ಮುಖ್ಯವಾಗಿ ಉಣಿಸುವುದು ಹುಳುಹುಪ್ಪಟೆಗಳನ್ನು. ಹುಳುಗಳಿಲ್ಲದ ತೋಟದಲ್ಲಿ ಗುಬ್ಬಿಯ ಸಂಸಾರ ಬೆಳೆಯದು. ಹೇನು ಹತ್ತಿದ ಗಿಡಕ್ಕೆ ಮಾತ್ರ, ಜೇನ್ನೊಣಗಳು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ, ಬೇವಿನೆಣ್ಣೆ ಬೆರೆಸಿದ ನೀರನ್ನು ಸಿಂಪಡಿಸಿದರೆ ಸಾಕು.

ಕಾಳು ಎರಚುವ ಪುಣ್ಯ

ಮೂಟೆಗಟ್ಟಲೆ ಕಾಳು ಎರಚುವುದು ಪುಣ್ಯವೆಂಬ ಭಾವನೆ ಪ್ರಬಲವಾಗಿದೆ. 2025ರಲ್ಲಿ ಮುಂಬಯಿ ಮಹಾನಗರಪಾಲಿಕೆಯು ದಾದರಿನ ಕಬೂತರ್‌ಖಾನೆಯನ್ನು ಮುಚ್ಚಿದಾಗ ಎದ್ದ ವಾದವಿವಾದ ಅದಕ್ಕೆ ಸಾಕ್ಷಿ. ಆದರೆ ವೈದ್ಯರ ಎಚ್ಚರಿಕೆ ಅಲಕ್ಷಿಸುವಂತಹುದಲ್ಲ. ಪಾರಿವಾಳಗಳ ಒಣಗಿದ ಹಿಕ್ಕೆಯ ಪುಡಿ, ಗರಿಗಳ ಧೂಳುಗಳನ್ನು ಬಹುಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂಬ ಶ್ವಾಸಕೋಶದ ಉರಿಯೂತ ಉಂಟಾಗುತ್ತದೆ. ಸಂಪರ್ಕ ತಪ್ಪದಿದ್ದರೆ ಶ್ವಾಸಕೋಶ ಶಾಶ್ವತವಾಗಿ ಗಡುಸಾಗಬಹುದು. ಬಾಲ್ಕನಿಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ಮೂಗು-ಬಾಯಿ ಮುಚ್ಚಿಕೊಂಡು, ನೀರಿನಿಂದ ನೆನೆಸಿ ತೆಗೆಯಬೇಕು. ಉಳಿದ ಕಾಳು ಇಲಿಗಳನ್ನು ಕರೆಯುತ್ತದೆ. ಇಲಿಗಳು ಹಾವನ್ನು ಕರೆಯುತ್ತವೆ. ಹೂವು, ಹಣ್ಣು, ಹುಳುಗಳಿಂದ ತಾನೇ ಉಣಬಡಿಸುವ ತೋಟಕ್ಕೆ ಕಾಳಿನ ಮೂಟೆ ಬೇಕಿಲ್ಲ.

ದಿನಕ್ಕೆ ಹದಿನೈದು ನಿಮಿಷಗಳ ಈ ಶಿಸ್ತನ್ನು ಪಾಲಿಸಲು ದೊಡ್ಡ ಅಂಗಳವೇ ಬೇಕೆಂದಿಲ್ಲ. ಬಾಲ್ಕನಿಯಲ್ಲೊಂದು ತುಳಸಿ, ಒಂದು ಕರಿಬೇವು, ನಿತ್ಯ ಉಜ್ಜಿ ತೊಳೆದ ಒಂದು ಬಟ್ಟಲು ಇದ್ದರೂ ಸಾಕು. ಹೌಸಿಂಗ್ ಸೊಸೈಟಿಗಳ ಸದಸ್ಯರು ವಾರ್ಷಿಕ ಸಭೆಯಲ್ಲಿ ಕೂಡಿ ನಿರ್ಧರಿಸಿ, ಆವರಣದ ಒಂದು ಮೂಲೆಯನ್ನು ಇದಕ್ಕಾಗಿ ಮೀಸಲಿಡಬಹುದು. ಮುಂಗಾರಿನ ಮಳೆ ಹಿಡಿದ ದಿನ ಬಟ್ಟಲನ್ನು ತೊಳೆದು ಬೋರಲು ಹಾಕಿಡಬೇಕು. ಆ ಬಳಿಕ ಹಕ್ಕಿಗಳಿಗೆ ನೀರು ಬೇರೆಡೆ ದೊರೆಯುತ್ತದೆ. ನೆರಳನ್ನೂ ಗೂಡಿಗೆ ಎಡೆಯನ್ನೂ ತೋಟವು ವರ್ಷವಿಡೀ ನೀಡುತ್ತಿರಲಿ.