ಪೆಟ್ಟು ಬೀಳದಿದ್ದರೂ ಸ್ನಾಯು ಒಡೆಯುತ್ತದೆ, ಕಿಡ್ನಿ ಕೆಡುತ್ತದೆ



ಏಪ್ರಿಲ್-ಮೇ ತಿಂಗಳಲ್ಲಿ ಯಾದಗಿರಿ, ಶಹಾಪುರ, ಸುರಪುರದ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಅದೇ ಬಿಸಿಲಲ್ಲಿ ನೀವು ಕೆರೆ ಹೂಳು ಎತ್ತುತ್ತೀರಿ, ಇಟ್ಟಿಗೆ ಹೊರುತ್ತೀರಿ. ದುಡಿಯಲಿಕ್ಕೆ ಬೆಂಗಳೂರಿಗೆ ಹೋದವರು ಕಟ್ಟಡದ ಮೇಲೆ ನಿಂತಿರುತ್ತಾರೆ. ಸಂಜೆ ಮೈಕೈ ನೋವು, ಒಂದು ಗುಳಿಗೆ, ನಿದ್ದೆ. ಬಹಳ ಸಲ ಅದು ಬರೀ ದಣಿವು. ಕೆಲವು ಸಲ ಮಾತ್ರ ದಣಿವಲ್ಲ.

ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮನೆಗಳು ಬಾಂಬಿಗೆ ಕುಸಿದವು. ಅಡಿಯಲ್ಲಿ ಸಿಕ್ಕವರಲ್ಲಿ ಕೆಲವರು ಹೊರಗೆ ತೆಗೆದಾಗ ಚೆನ್ನಾಗಿಯೇ ಇದ್ದು, ಆಮೇಲೆ ಕಿಡ್ನಿ ನಿಂತು ತೀರಿಹೋದರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇದನ್ನು ಬರೆದಿಟ್ಟರು. ಜಜ್ಜಿಹೋದ ಸ್ನಾಯು ಒಡೆದು ರಕ್ತಕ್ಕೆ ಸೇರುವುದೇ ಇದಕ್ಕೆ ಮೂಲ. ಆದರೆ ಜಜ್ಜಲೇಬೇಕು ಅಂತಿಲ್ಲ. ಸುಡುಬಿಸಿಲಲ್ಲಿ ನೀರಿಲ್ಲದೆ ಮೈಮುರಿದು ದುಡಿದರೂ ಸ್ನಾಯು ಒಡೆಯುತ್ತದೆ. ವಿಪರೀತ ಕುಡಿತ, ಬಹಳ ಹೊತ್ತು ಬಿಡದ ಫಿಟ್ಸು, ಕೆಲವು ಹಾವಿನ ವಿಷ, ಅಪರೂಪಕ್ಕೆ ಕೊಲೆಸ್ಟರಾಲ್ ಗುಳಿಗೆಯಿಂದಲೂ ಹೀಗಾಗುತ್ತದೆ. ಡಾಕ್ಟರು ಇದಕ್ಕೆ ರಾಬ್ಡೊಮಯೊಲೈಸಿಸ್ ಅನ್ನುತ್ತಾರೆ. ಹೆಸರು ಬಾಯಿಪಾಠ ಮಾಡಬೇಕಿಲ್ಲ.

ಸ್ನಾಯುವಿನೊಳಗೆ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ಇದೆ. ಸ್ನಾಯು ಒಡೆದಾಗ ಅದು ರಕ್ತದ ಜೊತೆ ಕಿಡ್ನಿಗೆ ಬರುತ್ತದೆ. ಕಿಡ್ನಿಯ ನಳಿಕೆಗಳು ಕೂದಲಿಗಿಂತ ಸಣ್ಣವು. ಮೈಯಲ್ಲಿ ನೀರು ಸಾಕಷ್ಟಿದ್ದರೆ ಅದು ತೊಳೆದುಹೋಗುತ್ತದೆ. ಇಲ್ಲದಿದ್ದರೆ ನಾರಾಯಣಪುರ ಕಾಲುವೆಯ ತೂಬಿಗೆ ಹೂಳು ಕೂತಂತೆ ಅಲ್ಲೇ ಕೂಡುತ್ತದೆ. ಒಡೆದ ಸ್ನಾಯುವಿನಿಂದ ಪೊಟ್ಯಾಷಿಯಂ ಎಂಬ ಲವಣವೂ ರಕ್ತಕ್ಕೆ ಬರುತ್ತದೆ. ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಗುರುತು ಮೂತ್ರದಲ್ಲಿದೆ. ಹಾಲು ಹಾಕದ ಚಹಾದಂತೆ ಕಂದು ಬಣ್ಣ, ಅದೂ ಕಡಿಮೆ. ಜೊತೆಗೆ ತೊಡೆ, ಸೊಂಟ, ರಟ್ಟೆ ಬಿಗಿದು ನೋವು, ಏಳಲಾಗದಷ್ಟು ನಿಶ್ಶಕ್ತಿ. ಈ ಮೂರೂ ಒಟ್ಟಿಗೆ ಬರಲೇಬೇಕೆಂದಿಲ್ಲ. ನಮ್ಮ ಕಡೆ ಇಂಥ ಮೂತ್ರ ಕಂಡರೆ 'ಕಾಮಣಿ ಆಗೇದ' ಅಂತ ನಾಟಿ ಔಷಧಕ್ಕೆ ಓಡುತ್ತಾರೆ, ಇಲ್ಲವೇ 'ಉಷ್ಣ' ಅಂತ ಸುಮ್ಮನಾಗುತ್ತಾರೆ. ಎರಡರಲ್ಲೂ ದಿನ ಹೋಗುತ್ತದೆ. ಅದೇ ದಿನ ತಾಲೂಕು ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಎಷ್ಟು ದಿನ, ಎಂಥ ಕೆಲಸ, ಯಾವ ಗುಳಿಗೆ ಎಂದು ಡಾಕ್ಟರಿಗೆ ತಿಳಿಸಿ. ಸಿಪಿಕೆ ಎಂಬ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಸಾಮಾನ್ಯರಲ್ಲಿ ಅದು 200ರ ಆಸುಪಾಸಿನೊಳಗೆ ಇರುತ್ತದೆ, ಈ ತೊಂದರೆಯಲ್ಲಿ ಸಾವಿರಗಟ್ಟಲೆ ಏರುತ್ತದೆ. ಬೇಗ ಹೋದರೆ ಸಲೈನಿನಲ್ಲೇ ವಾಸಿಯಾಗುವವರು ಬಹಳ. ಕೆಲವರಿಗೆ ಕೆಲವು ವಾರ ಡಯಾಲಿಸಿಸ್ ಬೇಕಾಗಬಹುದು, ಆದರೆ ಹೆಚ್ಚಿನವರ ಕಿಡ್ನಿ ಮತ್ತೆ ಕೆಲಸ ಮಾಡುತ್ತದೆ.

ನೋವಿನ ಗುಳಿಗೆ, ಸೂಜಿಯ ಬಗ್ಗೆ ನಮಗೆ ಬಹಳ ಆತಂಕವಿದೆ. ಡೈಕ್ಲೋಫಿನಾಕ್, ಬ್ರೂಫೆನ್ ಜಾತಿಯ ಔಷಧಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ನೀರು ಬತ್ತಿದ ಮೈಗೆ, ಒಡೆದ ಸ್ನಾಯುವಿಗೆ, ಅದರ ಮೇಲೆ ಆ ಸೂಜಿ ಬಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಏಟು. ಮೂತ್ರ ಕಂದಾದಾಗ ಅದನ್ನು ಮುಟ್ಟಬೇಡಿ. ಮೂತ್ರ ನಿಂತೇಹೋಗಿದ್ದರೆ ಎಳನೀರನ್ನೂ ಕುಡಿಸಬೇಡಿ, ಅದರಲ್ಲಿ ಪೊಟ್ಯಾಷಿಯಂ ಇದೆ.

ಜ್ವರ, ಭೇದಿಯಿಂದ ಎದ್ದವರು ಮತ್ತು ಬಹಳ ದಿನ ಬಿಟ್ಟು ಕೆಲಸಕ್ಕೆ ಬಂದವರು ಮೊದಲ ವಾರ ಅರ್ಧ ಭಾರ ಹೊರಲಿ. ಬಿಸಿಲಲ್ಲಿ 20 ನಿಮಿಷಕ್ಕೊಂದು ಲೋಟ ನೀರು ಬೇಕು. ಇದನ್ನು ಸಂಘದ ಸಭೆಯಲ್ಲಿ ಹೇಳಿದಾಗ ಒಬ್ಬ ಅಕ್ಕ ಕೇಳಿದರು: "ಸಿಸ್ಟರ್, ನೀರು ಕುಡದ್ರ ಹೊರಗ ಕೂಡಾಕ ಎಲ್ಲಿ ಹೋಗಬೇಕ್ರಿ? ಸುತ್ತ ಗಂಡಸ್ರು ಇರ್ತಾರ." ನಿಜವಾದ ಅಡ್ಡಿ ಇದೇ. ಹೆಂಗಸರು ನೀರು ಬಿಡುವುದು ಮರೆವಿನಿಂದಲ್ಲ, ಮರೆ ಇಲ್ಲದ್ದರಿಂದ. ನಾಲ್ಕು ಗೂಟ, ಎರಡು ಹಳೆ ಸೀರೆ ಸಾಕು. ಕೆಲಸದ ಜಾಗದಲ್ಲಿ ಮೊದಲ ದಿನವೇ ಮರೆ ಕಟ್ಟಿಸಿಕೊಳ್ಳಿ. ಮೇಸ್ತ್ರಿ ಬೇಡವೆಂದರೆ ಸಂಘದವರೆಲ್ಲ ಸೇರಿ ಕೇಳಿ.