ಸೊಂಟದ ಹಗ್ಗವೂ ನ್ಯೂಟನ್ನನ ಎರಡನೇ ನಿಯಮವೂ

ಮುಂಡರಗಿಯಲ್ಲಿ 9ನೇ ತರಗತಿಗೆ ನ್ಯೂಟನ್ನನ ಎರಡನೇ ನಿಯಮ ಬೋಧಿಸುವಾಗ ಕಪ್ಪತಗುಡ್ಡದ ಗಾಳಿಯಂತ್ರಗಳನ್ನೇ ಉದಾಹರಣೆಗೆ ತೆಗೆದುಕೊಂಡೆ. ಅವನ್ನು ಏರುವವರು ಮೈಗೆಲ್ಲ ಪಟ್ಟಿ ಬಿಗಿಯುವ ‘ಫುಲ್ ಬಾಡಿ ಹಾರ್ನೆಸ್’ ತೊಡುತ್ತಾರೆ ಎಂದಾಗ ಒಬ್ಬ ಹುಡುಗಿ ಕೇಳಿದಳು: “ಸರ್, ನಮ್ಮಪ್ಪ ಬಿಲ್ಡಿಂಗಿಗೆ ಬಣ್ಣ ಹಚ್ಚೋವಾಗ ಸೊಂಟಕ್ಕ ಹಗ್ಗ ಕಟ್ಕೋತಾರ. ಅಷ್ಟ ಸಾಕಲ್ರಿ?”

ಸಾಲದು. 60 ಕೆ.ಜಿ. ತೂಕದವರು 1.8 ಮೀಟರ್ ಬಿದ್ದಾಗ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಹಿಗ್ಗದ ಹಗ್ಗ ಅವರನ್ನು 10 ಸೆಂ.ಮೀ. ಒಳಗೆ ನಿಲ್ಲಿಸಿದರೆ ಸರಾಸರಿ ಬಲ 11,000 ನ್ಯೂಟನ್ ದಾಟುತ್ತದೆ. ಅಷ್ಟೂ ಹೊಟ್ಟೆ, ಬೆನ್ನುಮೂಳೆಯ ಮೇಲೆ. ಹಾರ್ನೆಸ್ಸಿನ ಹಗ್ಗಕ್ಕೆ ಜೋಡಿಸಿದ ಶಾಕ್ ಅಬ್ಸಾರ್ಬರ್‌ನ ಮಡಿಕೆ, ಹೊಲಿಗೆ ಹರಿಯುತ್ತಾ ಬಿಚ್ಚಿಕೊಳ್ಳುತ್ತದೆ. ನಿಲ್ಲುವ ದೂರ 1 ಮೀಟರ್ ಆಯಿತೆನ್ನಿ, ಸರಾಸರಿ ಬಲ 1,650 ನ್ಯೂಟನ್ನಿನ ಆಸುಪಾಸಿಗೆ ಇಳಿಯುತ್ತದೆ. ಅದೂ ತೊಡೆ, ಎದೆ, ಭುಜಗಳಿಗೆ ಹಂಚಿಹೋಗುತ್ತದೆ. ಕ್ಯಾಚ್ ಹಿಡಿಯುವಾಗ ಕೈ ಹಿಂದೆಳೆಯುವ ಉದಾಹರಣೆಗಿಂತ ಇದು ಮಕ್ಕಳಿಗೆ ಬೇಗ ನಾಟಿತು.

ಹಾರ್ನೆಸ್ ಇದ್ದರಷ್ಟೇ ಸಾಲದು, ತೊಡುವ ಮುನ್ನ ಪ್ರತಿ ಸಲ ನೋಡಬೇಕು. ಪಟ್ಟಿಯನ್ನು ಕಮಾನಿನಂತೆ ಬಾಗಿಸಿ ಬೆರಳುಗಳ ನಡುವೆ ಸರಿಸಿದರೆ ಅಡಗಿದ ಕೊಯ್ತ ಬಾಯಿಬಿಡುತ್ತದೆ. (ತರಗತಿಯಲ್ಲಿ ಹಳೆಯ ಸ್ಕೂಲ್‌ಬ್ಯಾಗಿನ ಪಟ್ಟಿ ಬಳಸಿದೆವು.) ಬಿಚ್ಚಿದ ಹೊಲಿಗೆ, ಸುಟ್ಟ ಗುರುತು, ಬಿಸಿಲಿಗೆ ಮಾಸಿ ಗಡುಸಾದ ಭಾಗ, ಬಣ್ಣ ಅಥವಾ ಥಿನ್ನರ್ ಕುಡಿದ ಕಲೆ ಕಂಡರೆ ತೊಡಬಾರದು. ಕೊಕ್ಕೆಯ ಬಾಗಿಲು ತಾನಾಗಿ ಮುಚ್ಚಿ ಲಾಕ್ ಆಗಬೇಕು. ಒಮ್ಮೆ ಬಿದ್ದವರನ್ನು ಹಿಡಿದ ಹಾರ್ನೆಸ್ ನೋಡಲು ಹೊಸದರಂತಿದ್ದರೂ ಮತ್ತೆ ಬಳಸುವಂತಿಲ್ಲ.

ಕೊಕ್ಕೆಯನ್ನು ತಲೆಗಿಂತ ಮೇಲೆ, ಗಟ್ಟಿ ತೊಲೆಗೆ ಸಿಕ್ಕಿಸಬೇಕು, ನೀರಿನ ಪೈಪಿಗಲ್ಲ. ಕಾಲಬಳಿ ಸಿಕ್ಕಿಸಿದರೆ ಬೀಳುವ ದೂರ ಹೆಚ್ಚುತ್ತದೆ, ಹಗ್ಗ ಬಿಗಿಯುವ ಮೊದಲೇ ನೆಲ ತಟ್ಟಬಹುದು.