ಸವಳು ನೀರು ಮತ್ತು ಹಸಿರುಮನೆಯ ಬೆಳೆ

ಉಪ್ಪಿಗಿಂತ ರುಚಿಯಿಲ್ಲವೆಂಬುದು ಅಡುಗೆಮನೆಯ ಅನುಭವ. ಹೊಲದಲ್ಲಾದರೋ ಅದೇ ಉಪ್ಪು ಬೆಳೆಗೆ ಕಂಟಕ. ಕಾಲುವೆಯ ನೀರು ಬಂದ ಬಳಿಕ ಮೇಲೆ ಬಿಳಿಯ ಪೊರೆ ಕಟ್ಟಿ ಬರಡಾದ ನೆಲವನ್ನು ಉತ್ತರ ಕರ್ನಾಟಕದ ರೈತರು ಸವಳು ಎಂದು ಕರೆಯುತ್ತಾರೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಈ ಮಾತು ಬಹು ಪರಿಚಿತವಾದುದು. ಹೀಗಿರುವಾಗ, ಸವಳು ನೀರನ್ನೇ ಹಾಯಿಸಿ ತರಕಾರಿ ಬೆಳೆಯುವ ನಾಡೊಂದುಂಟೆಂದರೆ ಸೋಜಿಗವೆನಿಸಬಹುದು. ಸ್ಪೇನ್ ದೇಶದ ಆಗ್ನೇಯ ಕರಾವಳಿಯಲ್ಲಿರುವ ಆಲ್ಮೇರಿಯ ಅಂತಹದೊಂದು ಪ್ರದೇಶ.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. 1963ರಲ್ಲಿ ಪ್ರಯೋಗಾರ್ಥವಾಗಿ ಮೊದಲ ಹಸಿರುಮನೆಯನ್ನು ಕಟ್ಟಲಾಯಿತು. ಇಂದು ಪ್ಲಾಸ್ಟಿಕ್ ಚಾವಣಿ 30,000 ಹೆಕ್ಟೇರುಗಳಿಗೂ ಮಿಗಿಲಾದ ನೆಲವನ್ನು ಮುಚ್ಚಿದೆ. ನೀರಿನ ಮುಖ್ಯ ಆಸರೆ ಅಂತರ್ಜಲ. ಮಳೆಯಿಂದ ತುಂಬುವುದಕ್ಕಿಂತ ಹೆಚ್ಚಾಗಿ ಎತ್ತಿದುದರ ಫಲವಾಗಿ ಕರಾವಳಿಯ ಕೆಲವೆಡೆ ಕಡಲನೀರು ನೆಲದೊಳಕ್ಕೆ ನುಸುಳಿತು. ಆದರೂ ರೈತರು ಕೈಚೆಲ್ಲಲಿಲ್ಲ. ಮಣ್ಣಿನ ಮೇಲೆ ಗೊಬ್ಬರವನ್ನೂ ಅದರ ಮೇಲೆ ಮರಳನ್ನೂ ಹಾಸುವ ರೂಢಿ ಅಲ್ಲಿ ಮೊದಲೇ ಇದ್ದಿತು. ಮರಳು ನೀರು ಆವಿಯಾಗುವುದನ್ನು ತಡೆಯುವುದರಿಂದ ಉಪ್ಪು ಮೇಲಕ್ಕೇರುವುದೂ ಕಡಿಮೆಯಾಗುತ್ತದೆ.

ಉಪ್ಪು ಬೆಳೆಯನ್ನು ಬಾಧಿಸುವ ಬಗೆ ಹೀಗಿದೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಂತೆಲ್ಲ ಬೇರು ಆ ನೀರನ್ನು ಹೀರುವುದು ಕಷ್ಟವಾಗುತ್ತದೆ. ನೆಲ ತೇವವಾಗಿದ್ದರೂ ಗಿಡ ಬಾಯಾರುತ್ತದೆ. ಸೋಡಿಯಂ, ಕ್ಲೋರೈಡುಗಳು ಎಲೆಗಳಲ್ಲಿ ಶೇಖರವಾಗಿ ಅವನ್ನು ಸುಡುವುದೂ ಉಂಟು. ಆದರೆ ಎಲ್ಲ ಬೆಳೆಗಳ ಸಹನೆ ಒಂದೇ ತೆರನಲ್ಲ. ಅಮೆರಿಕದ ವಿಜ್ಞಾನಿಗಳಾದ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ, ಬೇರುನೆಲದ ಮಣ್ಣಿನಿಂದ ತೆಗೆದ ದ್ರವದ ವಿದ್ಯುದ್ವಾಹಕತೆ ಮೀಟರಿಗೆ 2.5 ಡೆಸಿಸೀಮೆನ್ಸ್ ಮುಟ್ಟುವವರೆಗೆ ಟೊಮೇಟೊವಿನ ಇಳುವರಿ ತಗ್ಗದು. ದೊಣ್ಣೆಮೆಣಸಿನಕಾಯಿಗೆ ಈ ಮಿತಿ 1.5, ಹುರುಳಿಕಾಯಿಗೆ ಕೇವಲ 1. ಅದೇ ಅಳತೆ 4.5ಕ್ಕೇರಿದಾಗ ಟೊಮೇಟೊವಿಗೆ ಒದಗುವ ನಷ್ಟ ಸುಮಾರು ಐದನೆಯ ಒಂದು ಪಾಲಾದರೆ, ಹುರುಳಿಕಾಯಿಯದು ಸುಮಾರು ಮೂರರಲ್ಲಿ ಎರಡು ಪಾಲು.

ಟೊಮೇಟೊವಿನ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ಉಪ್ಪುನೀರು ಕುಡಿದ ಗಿಡದ ಹಣ್ಣು ಗಾತ್ರದಲ್ಲಿ ಕಿರಿದು, ರುಚಿಯಲ್ಲಿ ಹಿರಿದು. ಹಣ್ಣಿಗೆ ಸೇರುವ ನೀರು ಕಡಿಮೆಯಾಗಿ ಸಕ್ಕರೆಯೂ ಹುಳಿಯೂ ಸಾಂದ್ರವಾಗುವುದೇ ಇದಕ್ಕೆ ಕಾರಣ. ಆಲ್ಮೇರಿಯದ 'ರಾಫ್' ಎಂಬ ಟೊಮೇಟೊ ಇಂತಹ ನೀರಿನಿಂದಲೇ ಹೆಸರಾಂತಿತು. ಉಪ್ಪು ಮಿತಿಮೀರಿದರೆ ಮಾತ್ರ ಹಣ್ಣಿಗೆ ಸುಣ್ಣದ ಅಂಶ ತಲಪದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ.

ಇಷ್ಟರಿಂದಲೇ ಸಮಸ್ಯೆ ಬಗೆಹರಿಯಿತೆಂದು ಭಾವಿಸಲಾಗದು. ಗಿಡ ಹೀರುವುದು ನೀರನ್ನು. ಉಪ್ಪಿನ ಬಹುಪಾಲು ಮಣ್ಣಿನಲ್ಲಿಯೇ ಉಳಿಯುತ್ತದೆ. 2 ಡೆಸಿಸೀಮೆನ್ಸ್ ವಾಹಕತೆಯ ನೀರಿನ ಲೀಟರಿನಲ್ಲಿ ಸುಮಾರು 1.3 ಗ್ರಾಂ ಲವಣವಿರುತ್ತದೆ. ಅಂತಹ ನೀರನ್ನು ಹೆಕ್ಟೇರಿಗೆ 5,000 ಘನಮೀಟರಿನಷ್ಟು ಹಾಯಿಸಿದರೆ ಆರು ಟನ್ನಿಗೂ ಮಿಕ್ಕ ಉಪ್ಪು ನೆಲಕ್ಕೆ ಸೇರಿದಂತಾಯಿತು. ಬಯಲು ಹೊಲದಲ್ಲಾದರೆ ಮಳೆ ಅದನ್ನು ತೊಳೆದೀತು. ಹಸಿರುಮನೆಯಲ್ಲಿ ಬೆಳೆಯನ್ನು ಕಾಯುವ ಚಾವಣಿಯೇ ಆ ಮಳೆಯನ್ನು ತಡೆದು ನಿಲ್ಲಿಸುತ್ತದೆ.

ಆದ್ದರಿಂದ ರೈತನು ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ನೀರು ಕೊಟ್ಟು ಉಪ್ಪನ್ನು ಬೇರಿನಿಂದ ಕೆಳಕ್ಕಿಳಿಸಬೇಕಾಗುತ್ತದೆ. ಹನಿ ನೀರಾವರಿಯಿಂದ ಬೇರಿನ ಸುತ್ತ ತೇವ ಸದಾ ಉಳಿದು, ಉಪ್ಪು ತೇವದ ಅಂಚಿಗೆ ಸರಿಯುತ್ತದೆ; ಆದರೆ ಅದು ನಾಶವಾಗುವುದಿಲ್ಲ. ಕೆಳಗಿಳಿದ ಉಪ್ಪು ಗೊಬ್ಬರದ ನೈಟ್ರೇಟಿನೊಡನೆ ಅಂತರ್ಜಲವನ್ನು ಸೇರಿದರೆ, ನಾಳೆ ಅದೇ ಬಾವಿಯಿಂದ ಮೇಲೆ ಬರುವ ನೀರು ಇಂದಿನದಕ್ಕಿಂತ ಸವಳಾಗಿರುತ್ತದೆ. ಮಣ್ಣಿಲ್ಲದ ಬೇಸಾಯದಲ್ಲಿ ಬಸಿದ ನೀರನ್ನು ಮರಳಿ ಬಳಸಿದರೂ ಸೋಡಿಯಂ ಕೂಡುತ್ತ ಹೋಗಿ, ಕಡೆಗೊಮ್ಮೆ ಅದನ್ನು ಹೊರಚೆಲ್ಲಲೇಬೇಕು.

ಚಾವಣಿಯ ಮಳೆನೀರನ್ನು ಕೊಳದಲ್ಲಿ ಕೂಡಿಡುವುದು, ಕಡಲನೀರಿನಿಂದ ಉಪ್ಪು ತೆಗೆದು ಬಾವಿನೀರಿಗೆ ಬೆರೆಸುವುದು ಆಲ್ಮೇರಿಯದಲ್ಲಿ ಆಚರಣೆಯಲ್ಲಿರುವ ಉಪಾಯಗಳು. ಎರಡನೆಯದಕ್ಕೆ ವಿದ್ಯುಚ್ಛಕ್ತಿಯ ಬೆಲೆ ತೆರಬೇಕು. ಸವಳು ನೀರಿನಿಂದ ಬೆಳೆ ತೆಗೆಯಬಹುದೆಂಬುದು ಸಿದ್ಧವಾಗಿದೆ. ಉಳಿದ ಉಪ್ಪಿಗೆ ದಾರಿ ತೋರದೆ ಅದನ್ನು ಬಹುಕಾಲ ಬೆಳೆಯಲಾಗದೆಂಬುದೂ ಅಷ್ಟೇ ಸಿದ್ಧ. ಬಸಿಗಾಲುವೆಯನ್ನು ಮರೆತು ಕಾಲುವೆಯನ್ನು ಮಾತ್ರ ನೆನೆದ ನೆಲಗಳೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.